ದೊಡ್ಡದು ಮಾಡಿ ನೋಡುವ ಚಟ

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಮುಂಬೈ, ಪುಣೆ, ಹೈದರಾಬಾದಿನ ಡಿಟಿಪಿ ಅಂಗಡಿಗಳಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಕನ್ನಡ ಸಂಘದ ಕಾರ್ಯದರ್ಶಿಗಳು ಆಫೀಸು ಮುಗಿಸಿಕೊಂಡು ಬಂದು ಆಪರೇಟರನ ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿರುತ್ತಾರೆ. ಪರದೆಯ ಮೇಲೆ ರಾಜ್ಯೋತ್ಸವದ ಆಹ್ವಾನ ಪತ್ರಿಕೆ. ಆಪರೇಟರನಿಗೆ ಕನ್ನಡ ಬಾರದು. ಅವನ ಮಟ್ಟಿಗೆ ಅದು ಸುರುಳಿ ಸುರುಳಿಯಾದ ಒಂದು ಚಿತ್ರ. ಕಾರ್ಯದರ್ಶಿಗಳಿಗೆ ಕೋರೆಲ್ ಡ್ರಾ ಬಾರದು. ಇಬ್ಬರ ನಡುವೆ ಓಡಾಡುವುದು ಒಂದೇ ಮಾತು: 'ಥೋಡಾ ಬಡಾ ಕರಕೆ ದಿಖಾವೊ.'

ಆಪರೇಟರ್ ಮೌಸಿನ ಗಾಲಿ ತಿರುಗಿಸುತ್ತಾನೆ. ಒಂದೊಂದು ಅಕ್ಷರವೂ ಅಂಗೈಯಗಲವಾಗುತ್ತದೆ. ಅರ್ಕಾವತ್ತು ಸರಿಯಾದ ಜಾಗದಲ್ಲಿದೆ, ದೀರ್ಘ ಬಿದ್ದುಹೋಗಿಲ್ಲ, ಒತ್ತಕ್ಷರ ಕೂತಿದೆ. ಕಾರ್ಯದರ್ಶಿಗಳು ತೃಪ್ತಿಯಿಂದ ತಲೆಯಾಡಿಸುತ್ತಾರೆ. ಪಿಡಿಎಫ್ ವಾಟ್ಸಾಪಿನಲ್ಲಿ ಸಮಿತಿಯ ಸದಸ್ಯರಿಗೆಲ್ಲ ಹೋಗುತ್ತದೆ. ಅವರೂ ಮೊಬೈಲಿನ ಮೇಲೆ ಎರಡು ಬೆರಳಿಟ್ಟು ಅಗಲಿಸಿ, ಹೆಸರಿನ ಕಾಗುಣಿತ ನೋಡಿಕೊಂಡು, ಹೆಬ್ಬೆರಳೆತ್ತಿದ ಚಿತ್ರವೊಂದನ್ನು ಹಾಕುತ್ತಾರೆ. ಮೂರನೆಯ ದಿನ ಅಚ್ಚಾಗಿ ಬಂದ ಕಾರ್ಡಿನ ತಳದಲ್ಲಿ, ಕೆಂಪು ಹಿನ್ನೆಲೆಯ ಮೇಲೆ ಹಳದಿ ಬಣ್ಣದ ಪುಟ್ಟ ಅಕ್ಷರಗಳಲ್ಲಿ, 'ಧನಸಹಾಯ ಮಾಡಿದವರು' ಎಂಬುದು 'ದನಸಹಾಯ ಮಾಡಿದವರು' ಎಂದಾಗಿರುತ್ತದೆ. ಧಕಾರದ ಹೊಟ್ಟೆಯಡಿಯ ಸೀಳುಗೆರೆಯನ್ನು ಹಿನ್ನೆಲೆಯ ಮಸಿ ನುಂಗಿ ನೀರು ಕುಡಿದಿದೆ.

ಆಗ ಬೈಗುಳ ಶುರು. ಪ್ರೆಸ್ಸಿನವನು ಸರಿಯಿಲ್ಲ, ಫಾಂಟು ಸರಿಯಿಲ್ಲ, ಕನ್ನಡವೆಂದರೆ ಪರವೂರಲ್ಲಿ ಎಲ್ಲರಿಗೂ ಅಸಡ್ಡೆ. ಈ ಮೂರರಲ್ಲಿ ಒಂದಿಷ್ಟು ನಿಜ ಇರಬಹುದು. ಆದರೆ ಆ ಕಾರ್ಡನ್ನು ಓದುವವರು ಯಾವ ಅಳತೆಯಲ್ಲಿ ಓದುತ್ತಾರೋ ಆ ಅಳತೆಯಲ್ಲಿ ಅಚ್ಚಿಗೆ ಮುಂಚೆ ಒಬ್ಬರೂ ಅದನ್ನು ನೋಡಿಲ್ಲ ಎಂಬುದು ಯಾರ ಬಾಯಲ್ಲೂ ಬರುವುದಿಲ್ಲ. ನೋಡಿದ್ದೆಲ್ಲ ದೊಡ್ಡದು ಮಾಡಿ. ಒಪ್ಪಿದ್ದೂ ದೊಡ್ಡದನ್ನೇ. ಅಚ್ಚಾದದ್ದು ಮಾತ್ರ ಚಿಕ್ಕದು.

ವೆಕ್ಟರ್ ಚಿತ್ರದ ತಂತ್ರಾಂಶಗಳಲ್ಲಿ ಹಿಗ್ಗಿಸಿ ಕುಗ್ಗಿಸಿ ನೋಡುವುದನ್ನೂ ಪುಟದ ಆಚೀಚೆ ಸರಿದಾಡುವುದನ್ನೂ ಎಲ್ಲರೂ ಬರೀ ಅನುಕೂಲವೆಂದು ತಿಳಿದಿದ್ದಾರೆ. ಕನ್ನಡಕ ಸರಿಮಾಡಿಕೊಂಡ ಹಾಗೆ, ಕುರ್ಚಿ ಮುಂದಕ್ಕೆ ಎಳೆದುಕೊಂಡ ಹಾಗೆ. ಈ ತಿಳಿವಳಿಕೆಯೇ ತಪ್ಪು. ಯಾವ ಅಳತೆಯಲ್ಲಿ ನೋಡುತ್ತಾ ಕೆಲಸ ಮಾಡುತ್ತೇವೆ ಎಂಬುದು ಏನನ್ನು ಸರಿ ಎನ್ನುತ್ತೇವೆ, ಏನನ್ನು ತಪ್ಪು ಎನ್ನುತ್ತೇವೆ ಎಂಬುದನ್ನು ನಿರ್ಧರಿಸುತ್ತದೆ. ಅದು ಸೌಕರ್ಯದ ಮಾತಲ್ಲ, ತೀರ್ಮಾನದ ಮಾತು. ಆ ತೀರ್ಮಾನವನ್ನು ಮೌಸಿನ ಗಾಲಿಗೆ ಬಿಟ್ಟುಕೊಟ್ಟದ್ದರಿಂದಲೇ ಯಾರೂ ನೋಡದ ಕಡೆ ನುಣುಪಾದ, ಎಲ್ಲರೂ ನೋಡುವ ಕಡೆ ಓದಲಾಗದ ಅಚ್ಚಿನ ಕೆಲಸ ರಾಶಿ ಬೀಳುತ್ತಿದೆ.

ಈ ಚಟದ ಮೂಲ ಹಳೆಯದು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್‌ಲ್ಯಾಂಡ್ 'ಸ್ಕೆಚ್‌ಪ್ಯಾಡ್' ಎಂಬ ಕಾರ್ಯಕ್ರಮವನ್ನು ತಮ್ಮ ಪಿಎಚ್‌ಡಿ ಪ್ರಬಂಧವಾಗಿ ಮುಂದಿಟ್ಟರು. ಟಿಎಕ್ಸ್-2 ಎಂಬ ಕಂಪ್ಯೂಟರಿನ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆಯುವ ವ್ಯವಸ್ಥೆ ಅದು. ಪರದೆಯ ಕೆಳಗೆ ಗುಂಡಿಗಳಿದ್ದವು; ಅವನ್ನು ತಿರುವಿದರೆ ಚಿತ್ರ ಸರಿಯುತ್ತಿತ್ತು, ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಪರದೆಯ ಮೇಲೆ ಕಾಣುವ ಭಾಗ ಏಳು ಅಂಗುಲದ ಚೌಕ. ಸುಮಾರು ಎರಡು ಸಾವಿರ ಪಟ್ಟು ಹಿಗ್ಗಿಸುವ ಶಕ್ತಿ ಇದ್ದುದರಿಂದ, ಒಟ್ಟು ಕಾಗದ ಕಾಲು ಮೈಲಿ ಅಗಲದಷ್ಟು ದೊಡ್ಡದೆಂದು ಲೆಕ್ಕ. ಇಂದಿನ ಎಲ್ಲ ವೆಕ್ಟರ್ ತಂತ್ರಾಂಶಗಳ ಅಜ್ಜ ಇದು. ಪರದೆ ಅಷ್ಟು ಚಿಕ್ಕದಿದ್ದ ಕಾಲದಲ್ಲಿ, ಯಂತ್ರದ ಭಾಗಗಳ, ವಿದ್ಯುತ್ ಮಂಡಲಗಳ ನಕ್ಷೆ ಬರೆಯುವವರಿಗೆ ಹಿಗ್ಗಿಸದೆ ಗತಿಯಿರಲಿಲ್ಲ. ನಕ್ಷೆಯಲ್ಲಿ ಎರಡು ಗೆರೆ ಕೂಡಬೇಕಾದಲ್ಲಿ ಕೂಡಲೇಬೇಕು. ಕಣ್ಣಿಗೆ ಕೂಡಿದಂತೆ ಕಂಡರೆ ಸಾಲದು.

ಅಕ್ಷರದ ನ್ಯಾಯ ಬೇರೆ. ಅಕ್ಷರಕ್ಕೆ ಕಣ್ಣೇ ಕಡೆಯ ನ್ಯಾಯಾಲಯ. ಎಂಜಿನಿಯರಿನ ನಕ್ಷೆಗೆಂದು ಹುಟ್ಟಿದ ನೋಟವನ್ನು ಆಹ್ವಾನ ಪತ್ರಿಕೆಗೂ ಅಂಗಡಿಯ ಬೋರ್ಡಿಗೂ ಪುಸ್ತಕದ ಮುಖಪುಟಕ್ಕೂ ಹಾಗೇ ಹಚ್ಚಿದ್ದೇ ಎಡವಟ್ಟು. 1987ರಲ್ಲಿ ಇಲ್ಲಸ್ಟ್ರೇಟರ್ ಬಂತು, 1989ರಲ್ಲಿ ಕೋರೆಲ್ ಡ್ರಾ, 2003ರಲ್ಲಿ ಇಂಕ್‌ಸ್ಕೇಪ್. ಪರದೆಗಳು ದೊಡ್ಡದಾದವು, ಆದರೂ ಹಿಗ್ಗಿಸುವ ಮಿತಿ ಏರುತ್ತಲೇ ಹೋಯಿತು. ಇವತ್ತು ಇಲ್ಲಸ್ಟ್ರೇಟರ್‌ನಲ್ಲಿ ಶೇಕಡಾ 64,000ದವರೆಗೆ ಹಿಗ್ಗಿಸಬಹುದು. ಎ5 ಅಳತೆಯ ಕಾರ್ಡಿನ ಅಗಲ 148 ಮಿಲಿಮೀಟರ್. ಆ ಮಟ್ಟಕ್ಕೆ ಹಿಗ್ಗಿಸಿದರೆ ಅದು ಸುಮಾರು 95 ಮೀಟರ್ ಅಗಲದ ಮೈದಾನ. ಮದುವೆಯ ಕರೆಯೋಲೆಯನ್ನು ಮೈದಾನ ಮಾಡಿಕೊಂಡು ಅದರ ಒಂದು ಮೂಲೆಯ ಹುಲ್ಲುಕಡ್ಡಿ ನೆಟ್ಟಗಿದೆಯೇ ಎಂದು ನೋಡುವವನಿಗೆ ಕರೆಯೋಲೆ ಹೇಗೆ ಕಂಡೀತು?

ಅಷ್ಟು ದೂರ ಹೋಗುವುದೂ ಬೇಡ. ಅಂಗಡಿಯಲ್ಲಿ ದಿನನಿತ್ಯ ನಡೆಯುವ ಶೇಕಡಾ 800ರ ಲೆಕ್ಕ ನೋಡಿದರೆ ಸಾಕು. ಅಚ್ಚಿನಲ್ಲಿ 0.1 ಮಿಲಿಮೀಟರ್ ಇರುವ ಸೀಳುಗೆರೆ ಪರದೆಯ ಮೇಲೆ 0.8 ಮಿಲಿಮೀಟರ್ ಆಗುತ್ತದೆ, ಮುದುಕರ ಕಣ್ಣಿಗೂ ಸ್ಪಷ್ಟ. ಮೂರು ಮಿಲಿಮೀಟರ್ ಎತ್ತರದ ಅಕ್ಷರ ಎರಡೂವರೆ ಸೆಂಟಿಮೀಟರ್ ಆಗಿ ನಿಂತಿರುತ್ತದೆ. ಹಾಗೆ ನಿಂತಾಗ ಧ ಧವಾಗಿಯೇ ಕಾಣುತ್ತದೆ, ಭ ಭವಾಗಿಯೇ ಕಾಣುತ್ತದೆ. ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ನಡುವೆ ಇರುವುದು ಅಷ್ಟೇ ಒಂದು ಗೆರೆ. ಒಂದು ಮಾತಿನ ಅರ್ಥವೇ ಆ ಗೆರೆಯ ಮೇಲೆ ನಿಂತಿರುವ ಲಿಪಿಯಲ್ಲಿ, ಆ ಗೆರೆ ಉಳಿಯುತ್ತದೋ ಇಲ್ಲವೋ ಎಂಬುದನ್ನು ಅದು ಎಂಟು ಪಟ್ಟು ಬೆಳೆದಾಗ ಪರೀಕ್ಷಿಸುವುದೆಂದರೆ, ಪರೀಕ್ಷೆಯೇ ಇಲ್ಲದ ಹಾಗೆ.

ಇದಕ್ಕೆ ಅಂಗಡಿಯವರ ಬಳಿ ಒಂದು ಸಿದ್ಧ ಮಂತ್ರವಿದೆ: ವೆಕ್ಟರ್ ಒಡೆಯುವುದಿಲ್ಲ. ಫೋಟೊ ದೊಡ್ಡದು ಮಾಡಿದರೆ ಚೌಕಚೌಕವಾಗಿ ಒಡೆಯುತ್ತದೆ, ವೆಕ್ಟರ್ ಹಾಗಲ್ಲ, ಅಂಚೆಚೀಟಿಯಿಂದ ಹಿಡಿದು ಹೆದ್ದಾರಿಯ ಹೋರ್ಡಿಂಗ್‌ವರೆಗೆ ಒಂದೇ ಫೈಲು ಸಾಕು ಎನ್ನುತ್ತಾರೆ. ಇದು ಅರ್ಧ ಸತ್ಯ. ವೆಕ್ಟರಿನ ಗೆರೆ ಗಣಿತದ ಸೂತ್ರವಾದ್ದರಿಂದ ಗೆರೆಯೇನೋ ಒಡೆಯುವುದಿಲ್ಲ. ಒಡೆಯುವುದು ಓದು. ಇದು ಅಚ್ಚುಮೊಳೆಯ ಕಾಲದವರಿಗೆ ಗೊತ್ತಿತ್ತು. ಸೀಸದ ಅಚ್ಚಿನಲ್ಲಿ ಒಂದೊಂದು ಗಾತ್ರದ ಅಕ್ಷರಕ್ಕೂ ಬೇರೆಬೇರೆ ಪಡಿಯಚ್ಚು ಕೊರೆಯುತ್ತಿದ್ದರು. ಚಿಕ್ಕ ಗಾತ್ರದ ಅಕ್ಷರವೆಂದರೆ ದೊಡ್ಡದರ ಕುಗ್ಗಿಸಿದ ರೂಪವಲ್ಲ. ಅದರ ಗೆರೆ ತುಸು ದಪ್ಪ, ಒಳಗಿನ ಬಯಲು ತುಸು ಅಗಲ, ಅಕ್ಷರಗಳ ನಡುವಿನ ಜಾಗ ತುಸು ಹೆಚ್ಚು. ಕೊರೆಯುವವನು ಕೊರೆದದ್ದೂ ಓದುಗ ಓದಿದ್ದೂ ಒಂದೇ ಅಳತೆ. ಒಂದೇ ಗೆರೆಚಿತ್ರವನ್ನು ಎಲ್ಲ ಗಾತ್ರಕ್ಕೂ ಎಳೆದಾಡುವ ಸೌಲಭ್ಯ ಬಂದ ಮೇಲೆ ಆ ವಿವೇಕ ಸದ್ದಿಲ್ಲದೆ ಜಾರಿಹೋಯಿತು.

ಹಿಗ್ಗಿಸಿ ನೋಡುವ ಕಣ್ಣು ಎಷ್ಟು ಮೋಸಹೋಗುತ್ತದೆ ಎಂಬುದಕ್ಕೆ ಅಕ್ಷರ ವಿನ್ಯಾಸದ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ಉದಾಹರಣೆ ಇದೆ. ಅಮೆರಿಕದ ಎಟಿ ಅಂಡ್ ಟಿ ಕಂಪನಿ ತನ್ನ ಟೆಲಿಫೋನ್ ಡೈರೆಕ್ಟರಿಗಾಗಿ ಮ್ಯಾಥ್ಯೂ ಕಾರ್ಟರ್ ಅವರಿಂದ ಅಕ್ಷರ ಮಾಡಿಸಿತು. 1978ರಲ್ಲಿ ಬಂದ ಆ ಅಕ್ಷರಕ್ಕೆ ಬೆಲ್ ಸೆಂಟೆನಿಯಲ್ ಎಂದು ಹೆಸರು. ಅದನ್ನು ದೊಡ್ಡದು ಮಾಡಿ ನೋಡಿದರೆ ಗೆರೆಗಳು ಕೂಡುವ ಮೂಲೆಗಳಲ್ಲೆಲ್ಲ ಇಲಿ ಕಚ್ಚಿದಂಥ ಆಳವಾದ ಕಚ್ಚುಗಳು. ಯಾವುದೇ ಸಂಘದ ಕಾರ್ಯದರ್ಶಿಗಳು ಅದನ್ನು ಪರದೆಯ ಮೇಲೆ ನೋಡಿದ್ದರೆ ಆ ಕ್ಷಣವೇ ತಿರಸ್ಕರಿಸಿಬಿಡುತ್ತಿದ್ದರು. ಆದರೆ ಅಗ್ಗದ ಕಾಗದದ ಮೇಲೆ, ವೇಗದ ಯಂತ್ರದಲ್ಲಿ, ಪುಟ್ಟ ಗಾತ್ರದಲ್ಲಿ ಅಚ್ಚಾಗುವಾಗ ಮಸಿ ಹರಡಿ ಆ ಕಚ್ಚುಗಳು ತುಂಬಿಕೊಳ್ಳುತ್ತವೆ. ಅಕ್ಷರ ಚೊಕ್ಕಟವಾಗಿ ಓದಲು ಸಿಗುತ್ತದೆ. ಹಿಗ್ಗಿಸಿದಾಗ ಕುರೂಪವಾಗಿದ್ದದ್ದು ಅಳತೆಯಲ್ಲಿ ಸುರೂಪ. ನಮ್ಮ ಕಾರ್ಡಿನದು ಇದರ ತಿರುವುಮುರುವು: ಹಿಗ್ಗಿಸಿದಾಗ ಸುರೂಪ, ಅಳತೆಯಲ್ಲಿ ದನ.

ಸರಿ, ಅಳತೆಯಲ್ಲೇ ನೋಡೋಣ ಎಂದು ಯಾರಾದರೂ ಹೊರಟರೆ ಅಲ್ಲೂ ಒಂದು ಗುಂಡಿ ಇದೆ. ಪರದೆಯ ಮೇಲೆ ಶೇಕಡಾ 100 ಎಂದು ಬರೆದಿದ್ದರೆ ಅದು ಕಾಗದದ ಶೇಕಡಾ 100 ಆಗಿರಬೇಕೆಂದಿಲ್ಲ. ಇಂಕ್‌ಸ್ಕೇಪ್ ಅಂಗುಲಕ್ಕೆ 96 ಪಿಕ್ಸೆಲ್ ಎಂದು ಲೆಕ್ಕ ಹಿಡಿಯುತ್ತದೆ. ಆದರೆ 15.6 ಅಂಗುಲದ ಫುಲ್ ಎಚ್‌ಡಿ ಲ್ಯಾಪ್‌ಟಾಪಿನ ಪರದೆಯಲ್ಲಿ ಅಂಗುಲಕ್ಕೆ ಸುಮಾರು 141 ಪಿಕ್ಸೆಲ್ ಇರುತ್ತವೆ. ಬೇರೆ ಯಾವ ಹೊಂದಾಣಿಕೆಯೂ ಇಲ್ಲದಿದ್ದರೆ 148 ಮಿಲಿಮೀಟರಿನ ಕಾರ್ಡು ಅಲ್ಲಿ ಸುಮಾರು 100 ಮಿಲಿಮೀಟರ್ ಆಗಿ ಕಾಣುತ್ತದೆ. ಇದನ್ನು ಸರಿಪಡಿಸುವ ದಾರಿಯನ್ನು ತಂತ್ರಾಂಶ ಮಾಡಿದವರೇ ಇಟ್ಟಿದ್ದಾರೆ. ಇಂಕ್‌ಸ್ಕೇಪಿನ ಆದ್ಯತೆಗಳಲ್ಲಿ ಒಂದು ಅಳತೆಪಟ್ಟಿಯ ಚಿತ್ರವಿದೆ. ಶಾಲೆಯ ಸ್ಕೇಲನ್ನು ಪರದೆಗೆ ಹಿಡಿದು ಎರಡೂ ಸರಿಹೊಂದುವವರೆಗೆ ಜಾರುಗುಂಡಿಯನ್ನು ಸರಿಸಿದರೆ ಮುಗಿಯಿತು, ಅಲ್ಲಿಂದ ಮುಂದೆ 1 ಎಂಬ ಕೀಲಿ ಒತ್ತಿದಾಗ ಕಾಣುವುದು ನಿಜವಾದ ಅಳತೆ. ಕೋರೆಲ್ ಡ್ರಾದಲ್ಲೂ ಅಳತೆಪಟ್ಟಿಯನ್ನು ಹೀಗೆ ಹೊಂದಿಸಿಕೊಳ್ಳಬಹುದು. ಇಲ್ಲಸ್ಟ್ರೇಟರಿನ ಈಚಿನ ಆವೃತ್ತಿಗಳಲ್ಲಿ ಶೇಕಡಾ 100 ಎಂದರೆ ಅಚ್ಚಿನ ಅಳತೆಯೇ ಎಂದು ಮಾಡುವ ಆಯ್ಕೆ ಇದೆ. ಎರಡು ನಿಮಿಷದ ಕೆಲಸ. ದಿನಕ್ಕೆ ಹತ್ತು ಗಂಟೆ ಆ ಪರದೆಯ ಮುಂದೆ ಕೂರುವವರಲ್ಲಿ ಒಮ್ಮೆಯಾದರೂ ಅದಕ್ಕೆ ಸ್ಕೇಲು ಹಿಡಿದವರು ಎಷ್ಟು ಮಂದಿ?

ದೋಷ ಆಪರೇಟರನೊಬ್ಬನದೇ ಅಲ್ಲ, ಕಲಿಸುವ ಕ್ರಮದ್ದು. ತರಬೇತಿಯೆಂದರೆ ಮೊದಲ ದಿನ ಚೌಕ, ಎರಡನೆಯ ದಿನ ವೃತ್ತ, ಮೂರನೆಯ ದಿನ ಪೆನ್, ಆಮೇಲೆ ಬಣ್ಣ, ನೆರಳು, ಎಫೆಕ್ಟು. ಪುಟದಲ್ಲಿ ಓಡಾಡುವುದು ಹೇಗೆ, ಹೋದಲ್ಲಿಂದ ವಾಪಸು ಬರುವುದು ಹೇಗೆ ಎಂಬುದು ಪಾಠವೇ ಅಲ್ಲ. ಗಾಲಿ ತಿರುಗಿಸಿದರೆ ಆಯಿತು ಎನ್ನುತ್ತಾರೆ. ಈಜು ಕಲಿಸುವವನು ಧುಮುಕುವುದನ್ನಷ್ಟೇ ಹೇಳಿಕೊಟ್ಟು ದಡ ಸೇರುವುದನ್ನು ಬಿಟ್ಟ ಹಾಗೆ. ಫಲವಾಗಿ, ಹಿಗ್ಗಿಸಿ ಒಳಗೆ ಹೋದವನು ಒಳಗೇ ಉಳಿಯುತ್ತಾನೆ. ಅಲ್ಲಿಂದ ಪಕ್ಕದ ಸಾಲಿಗೆ ಹೋಗಬೇಕಾದರೆ ಅಂಚಿನ ಪಟ್ಟಿಯನ್ನು ಎಳೆಯುತ್ತಾನೆ, ಪುಟದಾಚೆಯ ಬಿಳಿಯ ಬಯಲಿನಲ್ಲಿ ಕಳೆದುಹೋಗುತ್ತಾನೆ, ಮತ್ತೆ ಹುಡುಕುತ್ತಾನೆ. ಹೀಗೆ ತುಂಡು ತುಂಡಾಗಿ ನೋಡಿದವನಿಗೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿದೆ ಎಂಬುದು ತಿಳಿಯುವುದೇ ಇಲ್ಲ. ಕೆಳಗೂ ಮೇಲೂ ಕೈಕಾಲು ಚಾಚುವ ಕನ್ನಡದಂಥ ಲಿಪಿಯಲ್ಲಿ ಸಾಲಿಗೂ ಸಾಲಿಗೂ ನಡುವಿನ ಸಂಬಂಧವೇ ಅರ್ಧ ಸೌಂದರ್ಯ. ಅದು ಒಂದಕ್ಷರದ ಕಿಟಕಿಯಲ್ಲಿ ಕಾಣುವಂಥದ್ದಲ್ಲ.

ವಾಪಸು ಬರುವ ದಾರಿ ಕಷ್ಟದ್ದೇನೂ ಅಲ್ಲ. ಇಂಕ್‌ಸ್ಕೇಪಿನಲ್ಲಿ 5 ಒತ್ತಿದರೆ ಇಡೀ ಪುಟ, 4 ಒತ್ತಿದರೆ ಇಡೀ ಚಿತ್ರ, 3 ಒತ್ತಿದರೆ ಆರಿಸಿದ ಭಾಗ. ಟ್ಯಾಬ್ ಕೀಲಿಯ ಮೇಲಿರುವ ಓರೆಗುರುತಿನ ಕೀಲಿ ಒತ್ತಿದರೆ ಹಿಂದೆ ಇದ್ದ ನೋಟಕ್ಕೇ ಮರಳುತ್ತದೆ. ಕೋರೆಲ್ ಡ್ರಾದಲ್ಲಿ ಎಫ್4 ಎಂದರೆ ಎಲ್ಲ ವಸ್ತುಗಳೂ ಕಾಣುವ ನೋಟ, ಶಿಫ್ಟ್ ಜೊತೆಗೆ ಎಫ್4 ಎಂದರೆ ಪುಟ. ಇಲ್ಲಸ್ಟ್ರೇಟರಿನಲ್ಲಿ ಕಂಟ್ರೋಲ್ ಜೊತೆಗೆ 0 ಇಡೀ ಹಾಳೆ, ಕಂಟ್ರೋಲ್ ಜೊತೆಗೆ 1 ಶೇಕಡಾ 100. ಇನ್ನೂ ಒಳ್ಳೆಯ ಉಪಾಯ, ಒಂದೇ ಫೈಲನ್ನು ಎರಡು ಕಿಟಕಿಗಳಲ್ಲಿ ತೆರೆಯುವುದು. ಈ ಮೂರು ತಂತ್ರಾಂಶಗಳಲ್ಲೂ ಅದು ಸಾಧ್ಯ. ಒಂದರಲ್ಲಿ ಹಿಗ್ಗಿಸಿ ಗೆರೆ ತಿದ್ದುವಾಗ ಇನ್ನೊಂದರಲ್ಲಿ ಪುಟ ಅಳತೆಯಲ್ಲಿ ನಿಂತಿರುತ್ತದೆ. ತಿದ್ದಿದ್ದರಿಂದ ಏನಾದರೂ ಬದಲಾಯಿತೇ ಎಂಬುದು ಅಲ್ಲೇ ಕಾಣುತ್ತದೆ. ಎಷ್ಟೋ ಸಲ ಏನೂ ಬದಲಾಗಿರುವುದಿಲ್ಲ. ಅರ್ಧ ಗಂಟೆಯ ತಿದ್ದುಪಡಿ ದಂಡವೆಂದು ತಿಳಿಯುವುದೂ ಲಾಭವೇ.

ಈ ಹಿಂದೆ ಸರಿಯುವಿಕೆ ಕಂಪ್ಯೂಟರಿನಿಂದ ಬಂದದ್ದಲ್ಲ. ಬೋರ್ಡು ಬರೆಯುವವರು ಏಣಿಯಿಂದ ಇಳಿದು, ರಸ್ತೆ ದಾಟಿ, ಎದುರಿನ ಅಂಗಡಿಯ ಕಟ್ಟೆಯಿಂದ ಒಮ್ಮೆ ನೋಡಿ, ಮತ್ತೆ ಏಣಿ ಹತ್ತುತ್ತಿದ್ದರು. ಬಾಗಿಲ ಮುಂದೆ ಬಗ್ಗಿ ರಂಗೋಲಿ ಇಡುವವರು ಚುಕ್ಕಿ ಸೇರಿಸಿದ ಮೇಲೆ ಸೊಂಟ ನೆಟ್ಟಗೆ ಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಆ ಎರಡು ಹೆಜ್ಜೆ ವಿಶ್ರಾಂತಿಯಲ್ಲ, ಅದೂ ರಂಗೋಲಿಯ ಕೆಲಸವೇ. ಮೈಯೇ ಮಾಡಿಸುತ್ತಿದ್ದ ಆ ಕೆಲಸವನ್ನು ಕಂಪ್ಯೂಟರಿನ ಮುಂದೆ ಮೈ ಮಾಡಿಸುವುದಿಲ್ಲ. ಏಣಿಯೇ ಇಲ್ಲದವನಿಗೆ ಇಳಿಯುವ ನೆನಪಾದರೂ ಹೇಗೆ ಬರಬೇಕು? ಅದಕ್ಕೇ ಅದನ್ನು ಬೆರಳಿಗೆ ಕಲಿಸಬೇಕಾಗುತ್ತದೆ.

ಇದಕ್ಕೆ ಎದುರು ಹೇಳುವವರಿದ್ದಾರೆ, ಅವರ ಮಾತಿನಲ್ಲಿ ತೂಕವೂ ಇದೆ. ವಿನೈಲ್ ಕತ್ತರಿಸುವ ಯಂತ್ರಕ್ಕೋ ಲೇಸರಿಗೋ ಫೈಲು ಕೊಡುವಾಗ ಗೆರೆ ಎಲ್ಲೋ ಕೂದಲೆಳೆಯಷ್ಟು ಬಿಟ್ಟುಕೊಂಡಿದ್ದರೆ, ಒಂದರ ಮೇಲೊಂದು ಎರಡು ಗೆರೆ ಬಿದ್ದಿದ್ದರೆ ಕೆಲಸ ಕೆಡುತ್ತದೆ. ಹಿಗ್ಗಿಸದೆ ಅದು ಕಾಣುವುದಿಲ್ಲ. ನಿಜ. ಫಾಂಟು ಮಾಡುವವರು ಬಿಂದುಬಿಂದುವನ್ನೂ ಹಿಗ್ಗಿಸಿಯೇ ಕೂರಿಸಬೇಕು. ಅದೂ ನಿಜ. ಹಿಗ್ಗಿಸಬಾರದೆಂದು ಯಾರೂ ಹೇಳುತ್ತಿಲ್ಲ. ಯಂತ್ರ ಓದುವುದನ್ನು ಯಂತ್ರದ ಅಳತೆಯಲ್ಲಿ ನೋಡಿ, ಮನುಷ್ಯರು ಓದುವುದನ್ನು ಮನುಷ್ಯರ ಅಳತೆಯಲ್ಲಿ ನೋಡಬೇಕು ಎಂಬುದಷ್ಟೇ ವಾದ. ಮೊದಲನೆಯದನ್ನು ಮಾಡಿ ಎರಡನೆಯದೂ ಆಯಿತೆಂದು ಎದ್ದುಹೋಗುವುದು ತಪ್ಪು.

ಒಂದೇ ವಿನ್ಯಾಸ ಕಾರ್ಡಿಗೂ ಹೋಗುತ್ತದೆ, ಮೊಬೈಲಿಗೂ ಹೋಗುತ್ತದೆ, ಸಭಾಂಗಣದ ಫ್ಲೆಕ್ಸಿಗೂ ಹೋಗುತ್ತದೆ, ಯಾವ ಅಳತೆಯಲ್ಲಿ ನೋಡಬೇಕು ಎಂಬುದು ಇನ್ನೊಂದು ಆಕ್ಷೇಪ. ಉತ್ತರ ಗುಣಾಕಾರ ಭಾಗಾಕಾರ ಬಲ್ಲ ಯಾರಿಗೂ ಸಿಗುತ್ತದೆ. ಮೂರು ಮೀಟರ್ ಅಗಲದ ಫ್ಲೆಕ್ಸನ್ನು ಹದಿನೈದು ಮೀಟರ್ ದೂರದಿಂದ ನೋಡುವವರ ಕಣ್ಣಿಗೆ ಅದು ಕಾಣುವುದು, ಅರ್ಧ ಮೀಟರ್ ದೂರದ ಪರದೆಯಲ್ಲಿ ಹತ್ತು ಸೆಂಟಿಮೀಟರ್ ಅಗಲದ ಚಿತ್ರ ಕಂಡಷ್ಟೇ. ಅಂದರೆ ಫ್ಲೆಕ್ಸಿನ ಫೈಲನ್ನು ಪರದೆಯ ಮೇಲೆ ಗೇಣಿಗಿಂತ ಚಿಕ್ಕದಾಗುವವರೆಗೆ ಕುಗ್ಗಿಸಿ, ಅಷ್ಟರಲ್ಲಿ ಏನು ಓದಲು ಬರುತ್ತದೋ ಅಷ್ಟೇ ಸಭೆಯ ಹಿಂದಿನ ಸಾಲಿನವರಿಗೂ ಓದಲು ಬರುತ್ತದೆ ಎಂದು ತಿಳಿಯಬೇಕು. ಹೀಗೆ ಒಮ್ಮೆ ಕುಗ್ಗಿಸಿ ನೋಡಿದ್ದರೆ ಹದಿನಾರು ಗಣ್ಯರ ಹೆಸರು, ಒಂಬತ್ತು ಲಾಂಛನ, ನಾಲ್ಕು ಸಾಲಿನ ಧ್ಯೇಯವಾಕ್ಯ ತುಂಬಿದ ವೇದಿಕೆಯ ಫ್ಲೆಕ್ಸುಗಳಲ್ಲಿ ಮುಕ್ಕಾಲು ಪಾಲು ಹುಟ್ಟುತ್ತಲೇ ಇರಲಿಲ್ಲ.

ಸಮಯವಿಲ್ಲ ಎಂಬುದು ಮೂರನೆಯದು, ಮತ್ತು ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು. ಆಪರೇಟರನಿಗೆ ಕೂಲಿ ಕೆಲಸದ ಲೆಕ್ಕದಲ್ಲಿ. ಹಿಂದೆ ಇನ್ನೂ ನಾಲ್ಕು ಗಿರಾಕಿಗಳು ಕಾಯುತ್ತಿದ್ದಾರೆ. ಹಳೆಯ ಫಾಂಟಿನಲ್ಲಿ ಟೈಪಾಗಿ ಬಂದ ಮಾತು ಒಡೆದುಹೋಗಿ, ಅವನು ಗುರುತೇ ಇಲ್ಲದ ಲಿಪಿಯ ಒತ್ತುಗಳನ್ನು ಕೈಯಿಂದ ಎಳೆದು ಕೂರಿಸುತ್ತಿದ್ದಾನೆ. ಅವನಿಗೆ ಹಿಗ್ಗಿಸಿದ ನೋಟವೇ ಆಸರೆ, ಏಕೆಂದರೆ ಅವನು ಓದುತ್ತಿಲ್ಲ, ಮಾದರಿಗೆ ಹೋಲಿಸುತ್ತಿದ್ದಾನೆ. ಅವನನ್ನು ದೂರಿ ಪ್ರಯೋಜನವಿಲ್ಲ. ಆ ಅಂಗಡಿಯಲ್ಲಿ ಕನ್ನಡ ಓದಬಲ್ಲವರು ಸ್ಟೂಲಿನ ಮೇಲೆ ಕೂತಿರುವವರೊಬ್ಬರೇ. ಅಳತೆಯಲ್ಲಿ ನೋಡುವ ಹೊಣೆ ಅವರದು, ಮೊಬೈಲಿನಲ್ಲಿ ಬೆರಳು ಅಗಲಿಸಿ ಒಪ್ಪಿಗೆ ಕಳಿಸುವ ಸಮಿತಿಯದು. ಈ ಲೇಖನದ ಓದುಗರಲ್ಲಿ ಹಲವರು ಅಂಥ ಒಂದಲ್ಲ ಒಂದು ಸಮಿತಿಯಲ್ಲಿ ಇದ್ದವರೇ.

ಒಂದು ಕಾರ್ಡಿಗೆ ಇಷ್ಟು ಮಾತೇ ಎಂದು ಯಾರಾದರೂ ಕೇಳಬಹುದು. ಬೆಂಗಳೂರಲ್ಲೋ ಧಾರವಾಡದಲ್ಲೋ ಒಂದು ಕಾರ್ಡು ಕೆಟ್ಟರೆ ಕೆಟ್ಟಿತು. ಬಸ್ಸಿನ ಬೋರ್ಡು, ಪತ್ರಿಕೆ, ಪಠ್ಯಪುಸ್ತಕ ಎಲ್ಲೆಲ್ಲೂ ಸರಿಯಾದ ಅಕ್ಷರ ಕಣ್ಣಿಗೆ ಬೀಳುತ್ತಿರುತ್ತದೆ. ಚೆನ್ನೈಯಲ್ಲೋ ದೆಹಲಿಯಲ್ಲೋ ಬೆಳೆಯುವ ಮಗುವಿನ ಮನೆಗೆ ಅಚ್ಚಾದ ಕನ್ನಡ ಬರುವುದು ವರ್ಷಕ್ಕೆ ಎಷ್ಟು ಸಲ? ಸಂಘದ ಆಹ್ವಾನ, ನೆಂಟರ ಮದುವೆಯ ಕರೆಯೋಲೆ, ಬಹುಮಾನದ ಫಲಕ. ಭಾನುವಾರದ ಕನ್ನಡ ತರಗತಿಯಲ್ಲಿ ಧಕ್ಕೂ ದಕ್ಕೂ ವ್ಯತ್ಯಾಸ ತಿದ್ದಿ ಬಂದ ಮಗು, ಅದೇ ಸಂಘದ ಕಾರ್ಡಿನಲ್ಲಿ ಆ ವ್ಯತ್ಯಾಸವೇ ಇಲ್ಲದ್ದನ್ನು ನೋಡಿದರೆ ಯಾವುದನ್ನು ನಂಬಬೇಕು? ಅಕ್ಷರ ಕಲಿಸಲು ಪಡುವ ಶ್ರಮದ ನೂರನೇ ಒಂದು ಪಾಲನ್ನು ಅಚ್ಚಿಗೆ ಮುಂಚೆ ಪಟ್ಟರೆ ಸಾಕು.

ಆ ನೂರನೇ ಒಂದು ಪಾಲು ಏನೆಂದರೆ ಇಷ್ಟೇ. ಪರದೆಗೆ ಒಮ್ಮೆ ಸ್ಕೇಲು ಹಿಡಿಸುವುದು. ಒಪ್ಪಿಗೆಗೆ ಮುಂಚೆ ಕಾರ್ಡನ್ನು ಸಾಮಾನ್ಯ ಪ್ರಿಂಟರಿನಲ್ಲಾದರೂ ನಿಜವಾದ ಅಳತೆಯಲ್ಲಿ ಒಂದು ಪ್ರತಿ ತೆಗೆಸಿ, ಕೈಯಳತೆಯ ದೂರದಲ್ಲಿ ಹಿಡಿದು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುವುದು. ಓದುವಾಗ ನಾಲಗೆ ತಡವರಿಸಿದಲ್ಲಿ ಅಕ್ಷರ ದೊಡ್ಡದು ಮಾಡಿಸುವುದು, ಹಿನ್ನೆಲೆಯ ಬಣ್ಣ ತಿಳಿಯಾಗಿಸುವುದು, ಇಲ್ಲವೇ ಹೆಸರುಗಳ ಪಟ್ಟಿಯನ್ನೇ ಕಡಿಮೆ ಮಾಡುವುದು. ಕೊನೆಯದಕ್ಕೆ ಧೈರ್ಯ ಬೇಕು, ಉಳಿದವಕ್ಕೆ ಹತ್ತು ನಿಮಿಷ ಸಾಕು.

ಮುಂದಿನ ಅಕ್ಟೋಬರಿನಲ್ಲೂ ಸ್ಟೂಲು ಅಲ್ಲೇ ಇರುತ್ತದೆ, ಆಪರೇಟರನ ಬೆರಳು ಗಾಲಿಯ ಮೇಲೇ ಇರುತ್ತದೆ. ಅವನಿಗೆ ಹೇಳಬೇಕಾದ ಮಾತಿನಲ್ಲಿ ಒಂದೇ ಒಂದು ಪದ ಬದಲಾದರೆ ಆಯಿತು: 'ಅಬ್ ಥೋಡಾ ಛೋಟಾ ಕರಕೆ ದಿಖಾವೊ.'